ಕ್ರೂಸರ್ ಬೈಕ್ ತಗೋತೀರಾ? 160, 220, 350, 650: ನಿಮಗೆ ಎಷ್ಟು ಸಿಸಿ ಸಾಕು?

ಚಿಕ್ಕಮಗಳೂರು: ಕ್ರೂಸರ್ ಬೈಕ್ ತಗೋಬೇಕು ಅಂತ ಟೀ ಅಂಗಡೀಲಿ ಒಂದು ಮಾತು ಬಿಟ್ಟು ನೋಡಿ. ಸುತ್ತ ಇದ್ದವರೆಲ್ಲ ಸಲಹೆಗಾರರಾಗಿಬಿಡ್ತಾರೆ. "ಕಡಿಮೆ ಸಿಸಿ ತಗೋಬೇಡಿ, ಆರು ತಿಂಗಳಿಗೆ ಬೇಜಾರಾಗುತ್ತೆ" ಅಂತ ಒಬ್ಬರು. "ದೊಡ್ಡ ಬೈಕ್ ಅಂದ್ರೆ ಆನೆ ಸಾಕಿದ ಹಾಗೆ" ಅಂತ ಇನ್ನೊಬ್ಬರು. ಇಬ್ಬರ ಮಾತಲ್ಲೂ ನಿಜ ಇದೆ. ಆದರೆ ಇಬ್ಬರೂ ನಿಮ್ಮ ರಸ್ತೆ, ನಿಮ್ಮ ಎತ್ತರ, ನಿಮ್ಮ ಅಂಗಡಿಯ ಲೆಕ್ಕ ಕೇಳಿ ಹೇಳಿದ್ದಲ್ಲ.

ಹೊಸ ಬೈಕ್ ಅಂದ್ರೆ ಮೂರು ವರ್ಷದ ಕಂತು, ಐದು ವರ್ಷದ ಇನ್ಶೂರೆನ್ಸ್. ಸಿಸಿ ಆರಿಸೋದ್ರಲ್ಲಿ ತಪ್ಪಿದರೆ ಎರಡರಲ್ಲಿ ಒಂದು ಆಗುತ್ತೆ. ಘಾಟಿಯಲ್ಲಿ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಏದುಸಿರು ಬಿಡೋ ಬೈಕ್ ಸಿಗುತ್ತೆ, ಇಲ್ಲಾ ಅಂಗಡಿ ಮುಂದೆ ಕವರ್ ಹಾಕಿ ನಿಲ್ಲಿಸೋ ಬೈಕ್ ಸಿಗುತ್ತೆ. ಹಾಗಾಗಿ ಶೋರೂಂಗೆ ಹೋಗೋ ಮೊದಲು ಈ ಲೆಕ್ಕ ಒಮ್ಮೆ ಓದಿಕೊಳ್ಳಿ.

ಕ್ರೂಸರ್ ಅಂದ್ರೆ ಯಾವುದು?

ಸೀಟು ತಗ್ಗು, ಹ್ಯಾಂಡಲ್ ಅಗಲ ಮತ್ತು ಎತ್ತರ, ಕಾಲಿಡೋ ಜಾಗ ಮುಂದಕ್ಕೆ, ಚಕ್ರ ಚಕ್ರದ ನಡುವೆ ಅಂತರ ಜಾಸ್ತಿ. ಕುರ್ಚಿಯಲ್ಲಿ ಕೂತ ಹಾಗೆ ಕೂತು ನಿಧಾನಕ್ಕೆ ದೂರ ಹೋಗೋ ಬೈಕ್ ಇದು. ಈ ರೂಪ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ರಸ್ತೆ ನೂರಾರು ಮೈಲಿ ನೇರ, ತಿರುವು ಕಡಿಮೆ. ಹಾಗಾಗಿ ಅಲ್ಲಿನ ಹಾರ್ಲೆ ಡೇವಿಡ್‌ಸನ್ ಕಂಪನಿಯ ದೊಡ್ಡ ಕ್ರೂಸರ್‌ಗಳಲ್ಲಿ 1,746 ಸಿಸಿ, 1,868 ಸಿಸಿ ಎಂಜಿನ್‌ಗಳು ಬಂದಿವೆ. ನಮ್ಮ ಹಳೇ ಮಾರುತಿ 800 ಕಾರಿನ ಎಂಜಿನ್ 796 ಸಿಸಿ ಅನ್ನೋದು ನೆನಪಿದ್ದರೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

ನಮ್ಮ ದೇಶಕ್ಕೆ ಬರೋವಾಗ ಕ್ರೂಸರ್ ಚಿಕ್ಕದಾಯ್ತು. 2001ರಲ್ಲಿ ಬಜಾಜ್ 175 ಸಿಸಿಯ ಎಲಿಮಿನೇಟರ್ ತಂದಿತು. ಯಮಹಾ 125 ಸಿಸಿ ದರ್ಜೆಯಲ್ಲೇ ಎಂಟೈಸರ್ ಅಂತ ಕ್ರೂಸರ್ ಮಾಡಿತು. 2002ರಲ್ಲಿ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್, 2005ರಲ್ಲಿ ಬಜಾಜ್ ಅವೆಂಜರ್ ಬಂತು. 2020ರ ನವೆಂಬರ್‌ನಲ್ಲಿ ಮೀಟಿಯೋರ್ 350, 2023ರ ಜನವರಿಯಲ್ಲಿ ಸೂಪರ್ ಮೀಟಿಯೋರ್ 650. ಇವತ್ತು ನಮ್ಮ ತಾಲ್ಲೂಕುಗಳಲ್ಲಿ ಹೊಸದು, ಸೆಕೆಂಡ್ ಹ್ಯಾಂಡ್ ಎರಡೂ ಸೇರಿ ಹೆಚ್ಚಾಗಿ ಮಾತಿಗೆ ಬರೋದು ಈ ನಾಲ್ಕು ಅಳತೆ: 160, 220, 350, 650.

ಸಿಸಿ ಅಂದ್ರೆ ಏನು, ಏನಲ್ಲ

ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡೋ ಜಾಗದ ಅಳತೆ ಸಿಸಿ. ಸಾವಿರ ಸಿಸಿ ಅಂದ್ರೆ ಒಂದು ಲೀಟರ್. ಅಲ್ಲಿಗೆ 350 ಸಿಸಿ ಎಂಜಿನ್ ಅಂದ್ರೆ ಲೀಟರಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಆ ಜಾಗದಲ್ಲಿ ಎಷ್ಟು ಗಾಳಿ ಪೆಟ್ರೋಲ್ ಹಿಡಿಯುತ್ತೋ ಅದರ ಮೇಲೆ ಒಂದು ಸಲಕ್ಕೆ ಎಷ್ಟು ಬಲದ ಏಟು ಬೀಳುತ್ತೆ ಅನ್ನೋದು ನಿಂತಿದೆ.

ಆದರೆ ಸಿಸಿ ಜಾಸ್ತಿ ಇದ್ದಷ್ಟೂ ಬೈಕ್ ಜೋರು ಅನ್ನೋದು ಪೂರ್ತಿ ನಿಜ ಅಲ್ಲ. ಚಿಕ್ಕ ಎಂಜಿನ್ ಬೇಗ ಬೇಗ ಸುತ್ತಿ ಅದೇ ಕೆಲಸ ಮಾಡಬಲ್ಲದು. ಇದು ಅರ್ಥ ಆಗೋಕೆ ಕಂಪನಿಗಳೇ ಕೊಟ್ಟಿರೋ ಈ ಅಂಕಿ ನೋಡಿ.

* ಅವೆಂಜರ್ 160: ಪವರ್ 15 ಪಿಎಸ್, ಟಾರ್ಕ್ 13.7 ನ್ಯೂಟನ್ ಮೀಟರ್ (7,000 ಸುತ್ತಿಗೆ), ತೂಕ ಸುಮಾರು 156 ಕೆಜಿ
* ಅವೆಂಜರ್ 220 ಕ್ರೂಸ್: ಪವರ್ 19 ಪಿಎಸ್, ಟಾರ್ಕ್ 17.55 (7,000 ಸುತ್ತಿಗೆ), ತೂಕ ಸುಮಾರು 163 ಕೆಜಿ
* ಮೀಟಿಯೋರ್ 350: ಪವರ್ 20.4 ಪಿಎಸ್, ಟಾರ್ಕ್ 27 (4,000 ಸುತ್ತಿಗೆ), ತೂಕ 191 ಕೆಜಿ
* ಸೂಪರ್ ಮೀಟಿಯೋರ್ 650: ಪವರ್ 47 ಪಿಎಸ್, ಟಾರ್ಕ್ 52.3 (5,650 ಸುತ್ತಿಗೆ), ತೂಕ 241 ಕೆಜಿ

ಟಾರ್ಕ್ ಅಂದ್ರೆ ಎಂಜಿನ್ ತಿರುಚೋ ಬಲ, ನಾವು ಮಾತಲ್ಲಿ "ಎಳೆತ" ಅಂತೀವಲ್ಲ ಅದು. ಸುತ್ತು ಅಂದ್ರೆ ಒಂದು ನಿಮಿಷಕ್ಕೆ ಎಂಜಿನ್ ಎಷ್ಟು ಸಲ ತಿರುಗುತ್ತೆ ಅನ್ನೋ ಲೆಕ್ಕ.

220 ಮತ್ತು 350: ಪವರ್ ಹತ್ತಿರ ಹತ್ತಿರ, ಎಳೆತ ದೂರ ದೂರ

ಮೇಲಿನ ಪಟ್ಟಿಯಲ್ಲಿ ಜನ ಗಮನಿಸದೇ ಬಿಡೋ ವಿಷಯ ಒಂದಿದೆ. 220 ಮತ್ತು 350ರ ಪವರ್‌ನಲ್ಲಿ ವ್ಯತ್ಯಾಸ ಒಂದೂವರೆ ಪಿಎಸ್‌ನಷ್ಟು ಮಾತ್ರ. ಆದರೆ ಎಳೆತದಲ್ಲಿ 350 ಒಂದೂವರೆ ಪಟ್ಟು ಮುಂದಿದೆ, ಅದೂ 4,000 ಸುತ್ತಿಗೇ ಪೂರ್ತಿ ಸಿಗುತ್ತೆ. 220ರಲ್ಲಿ ಪೂರ್ತಿ ಎಳೆತ ಬೇಕು ಅಂದ್ರೆ ಎಂಜಿನ್ನನ್ನ 7,000 ಸುತ್ತಿನ ತನಕ ಕೂಗಿಸಬೇಕು.

ಇದಕ್ಕೆ ಕಾರಣ ಸಿಸಿ ಒಂದೇ ಅಲ್ಲ. ಮೀಟಿಯೋರ್ ಸಿಲಿಂಡರಿನ ಅಗಲ 72 ಮಿಲಿಮೀಟರ್, ಪಿಸ್ಟನ್ ಓಡಾಡೋ ಉದ್ದ 85.8 ಮಿಲಿಮೀಟರ್. ಅಗಲಕ್ಕಿಂತ ಉದ್ದ ಜಾಸ್ತಿ ಇರೋ ಇಂಥ ಎಂಜಿನ್ನನ್ನ ನಿಧಾನಕ್ಕೆ ತಿರುಗಿ ಗಟ್ಟಿಯಾಗಿ ಎಳೆಯೋ ಹಾಗೆ ಕೂರಿಸಿರ್ತಾರೆ. ಎತ್ತಿನ ಗಾಡಿ ಮತ್ತು ಕುದುರೆ ಗಾಡಿಗೆ ಇರೋ ವ್ಯತ್ಯಾಸ ಅಂದ್ಕೊಳ್ಳಿ. ಹೊಂಡಾ ಹೈನೆಸ್ ಸಿಬಿ350 ಕ್ರೂಸರ್ ಅಲ್ಲದಿದ್ದರೂ ಅದೇ ಜಾತಿ. ಅದರ 30 ನ್ಯೂಟನ್ ಮೀಟರ್ ಎಳೆತ 3,000 ಸುತ್ತಿಗೇ ಸಿಗುತ್ತೆ.

ಇದರಿಂದ ರಸ್ತೆ ಮೇಲೆ ಏನಾಗುತ್ತೆ? ಊರೊಳಗೆ 30ರ ವೇಗದಲ್ಲಿ ಹೋಗ್ತಾ, ಹಂಪ್ ದಾಟಿ ಮತ್ತೆ ಎಕ್ಸಿಲರೇಟರ್ ಕೊಟ್ಟಾಗ 350 ಗೇರ್ ಇಳಿಸದೇ ಮುಂದಕ್ಕೆ ಹೋಗುತ್ತೆ. 160, 220ರಲ್ಲಿ ಗೇರ್ ಇಳಿಸಬೇಕು. ದಿನಕ್ಕೆ ಐವತ್ತು ಹಂಪ್ ದಾಟೋರಿಗೆ ಇದು ಸಣ್ಣ ವಿಷಯ ಅಲ್ಲ.

ಓವರ್‌ಟೇಕ್ ವಿಷಯದಲ್ಲಿ ಮೋಸ ಹೋಗಬೇಡಿ

"350 ತಗೊಂಡ್ರೆ ಬಸ್ಸು ಲಾರಿ ಸುಲಭವಾಗಿ ಹಿಂದಿಕ್ಕಬಹುದು" ಅನ್ನೋದು ಹೆಚ್ಚಿನವರ ನಂಬಿಕೆ. ಲೆಕ್ಕ ಹಾಕಿ ನೋಡೋಣ. ಇಬ್ಬರು ಕೂತರೆ ಬೈಕ್ ಮೇಲೆ 140 ಕೆಜಿ ಸೇರುತ್ತೆ ಅಂದ್ಕೊಳ್ಳಿ. ಆಗ ಪ್ರತಿ 100 ಕೆಜಿ ತೂಕಕ್ಕೆ ಸಿಗೋ ಪವರ್ ಇಷ್ಟು: 160ಕ್ಕೆ 5.1 ಪಿಎಸ್, 220ಕ್ಕೆ 6.3, 350ಕ್ಕೆ 6.2, 650ಕ್ಕೆ 12.3.

ಅಂದ್ರೆ ಎಕ್ಸಿಲರೇಟರ್ ಪೂರ್ತಿ ತಿರುಗಿಸಿ ಓವರ್‌ಟೇಕ್ ಮಾಡೋವಾಗ 220ಕ್ಕೂ 350ಕ್ಕೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. 350 ಕೊಡೋದು ನೆಮ್ಮದಿ, ವೇಗ ಅಲ್ಲ. ನಿಜವಾದ ನೆಗೆತ ಬರೋದು 650ರಲ್ಲಿ. 220ರಿಂದ 350ಕ್ಕೆ ಬಂದವರು ಎಂಜಿನ್ ಸದ್ದಿಗೆ ಧೈರ್ಯ ಮಾಡಿ ಎರಡು ಲೇನಿನ ರಸ್ತೇಲಿ ಬಸ್ಸಿನ ಪಕ್ಕಕ್ಕೆ ಹೋದರೆ, ಎದುರಿಂದ ಬರೋ ಗಾಡಿಗೆ ಅದು ಗೊತ್ತಿರಲ್ಲ. ಈ ಒಂದು ಲೆಕ್ಕ ದಯವಿಟ್ಟು ಮನಸ್ಸಲ್ಲಿ ಇಟ್ಕೊಳ್ಳಿ.

ನಮ್ಮ ರಸ್ತೆ ಏನು ಕೇಳುತ್ತೆ?

ನಮ್ಮದು ಒಂದೇ ಜಿಲ್ಲೆ, ಆದರೆ ರಸ್ತೆ ಎರಡು ಥರ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಕಡೆ ಬಯಲು, ನೇರ ದಾರಿ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಕಳಸ ಕಡೆ ಏರು, ಇಳಿಜಾರು, ತಿರುವು, ಮಳೆ.

ಬಯಲು ಸೀಮೆಯ ನೇರ ರಸ್ತೆ ಕ್ರೂಸರ್‌ಗೆ ಹೇಳಿ ಮಾಡಿಸಿದ್ದು. ಆದರೆ ಕಾನೂನು ಮಿತಿ ನೆನಪಿರಲಿ. 2018ರ ಕೇಂದ್ರ ಸರ್ಕಾರದ ಅಧಿಸೂಚನೆ ಪ್ರಕಾರ ಬೈಕುಗಳಿಗೆ ನಡುವೆ ವಿಭಜಕ ಇರೋ ಚತುಷ್ಪಥ ರಸ್ತೇಲಿ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್, ಪುರಸಭೆ ವ್ಯಾಪ್ತಿ ಮತ್ತು ಉಳಿದ ರಸ್ತೆಗಳಲ್ಲಿ 60. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಂತೂ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ಅದು 125 ಸಿಸಿ ಇರಲಿ 650 ಇರಲಿ, ಸರ್ವಿಸ್ ರಸ್ತೆಯೇ ಗತಿ. 60ರಿಂದ 80ರ ವೇಗಕ್ಕೆ 350 ಆರಾಮವಾಗಿ ಸಾಕು. 220 ಕೂಡ ಹೋಗುತ್ತೆ, ಆದರೆ ಎಂಜಿನ್ ಜಾಸ್ತಿ ಸುತ್ತುತ್ತೆ. ತಾಸುಗಟ್ಟಲೆ ಓಡಿಸಿದರೆ ಅದರ ನಡುಕ ಕೈಗೂ ಕಾಲಿಗೂ ಗೊತ್ತಾಗುತ್ತೆ.

ಮಲೆನಾಡಿನ ಕಡೆ ಲೆಕ್ಕ ಬೇರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯೋವಾಗ, ಮುಳ್ಳಯ್ಯನಗಿರಿಗೆ ಹತ್ತೋವಾಗ ತಿರುವಿನಲ್ಲಿ ವೇಗ 15–20ಕ್ಕೆ ಬರುತ್ತೆ. ಅಲ್ಲಿ ಎಂಜಿನ್ ಬಲಕ್ಕಿಂತ ಬೈಕಿನ ತೂಕ ಮುಖ್ಯ. ಉದ್ದ ಇರೋ ಕ್ರೂಸರ್ ಬೇಗ ತಿರುಗಲ್ಲ. 241 ಕೆಜಿಯ ಬೈಕ್ ಒದ್ದೆ ರಸ್ತೇಲಿ ಒಂದು ಕಡೆ ವಾಲಿತು ಅಂದ್ರೆ ಕಾಲು ಕೊಟ್ಟು ನಿಲ್ಲಿಸೋದು ಎಲ್ಲರ ಕೈಲಾಗೋ ಕೆಲಸ ಅಲ್ಲ. ಘಾಟಿ ಇಳಿಯೋವಾಗ ಒಂದು ಅನುಕೂಲ ಇದೆ: 350ರಂಥ ದೊಡ್ಡ ಸಿಲಿಂಡರ್ ಇರೋ ಬೈಕ್ ಎರಡನೇ ಅಥವಾ ಮೂರನೇ ಗೇರಲ್ಲಿದ್ದರೆ ಎಂಜಿನ್ನೇ ಹಿಡಿದುಕೊಳ್ಳುತ್ತೆ, ಬ್ರೇಕಿಗೆ ಭಾರ ಕಡಿಮೆ. ಯಾವ ಸಿಸಿ ಆದರೂ ಪೆಟ್ರೋಲ್ ಉಳಿಸೋಕೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯಬೇಡಿ.

ಇನ್ನು ಹಂಪ್‌ಗಳು. ಮೀಟಿಯೋರ್, ಅವೆಂಜರ್ ಹೊಟ್ಟೆಗೂ ನೆಲಕ್ಕೂ ಸುಮಾರು 170 ಮಿಲಿಮೀಟರ್ ಅಂತರ ಇದೆ. ಸೂಪರ್ ಮೀಟಿಯೋರ್ 650ಕ್ಕೆ ಇರೋದು 135 ಮಾತ್ರ. ಊರಿನವರೇ ಹಾಕಿಸಿಕೊಂಡಿರೋ ಎತ್ತರದ ಹಂಪ್ ಮೇಲೆ ಇಬ್ಬರು ಕೂತು ಹೋದರೆ ತಳ ತಾಗೋ ಸಾಧ್ಯತೆ ಇದೆ. ಕಾಫಿ ತೋಟದ ಮಣ್ಣು ರಸ್ತೆ ದಿನಾ ಇದೆ ಅನ್ನೋರು ಇದನ್ನ ಮೊದಲು ನೋಡಿ. ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಇರೋದ್ರಿಂದ ಗುಂಡಿ ಬಂದಾಗ ಪೆಡಲ್ ಮೇಲೆ ಎದ್ದು ನಿಲ್ಲೋಕೆ ಆಗಲ್ಲ, ಏಟು ನೇರ ಸೊಂಟಕ್ಕೆ. ಬೆನ್ನು ನೋವು ಇದ್ದವರು ಸಿಸಿಗಿಂತ ಮೊದಲು ಈ ವಿಷಯ ಯೋಚಿಸಬೇಕು.

350ರ ಗೆರೆ: ಜೇಬಿಗೆ ಬೀಳೋ ಲೆಕ್ಕ

ನಮ್ಮ ದೇಶದಲ್ಲಿ 350 ಸಿಸಿ ಅನ್ನೋದು ತೆರಿಗೆಯ ಗಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ.28ರಿಂದ ಶೇ.18ಕ್ಕೆ ಇಳಿಯಿತು. 350 ಮೀರಿದ ಬೈಕುಗಳಿಗೆ ಮೊದಲು ಸೆಸ್ ಸೇರಿ ಶೇ.31 ಇತ್ತು, ಅದು ಶೇ.40 ಆಯ್ತು. ತೆರಿಗೆ ಸೇರಿಸದ ಬೆಲೆ 2 ಲಕ್ಷ ಅಂದ್ಕೊಳ್ಳಿ. 349 ಸಿಸಿ ಬೈಕ್ ಆದರೆ ಜಿಎಸ್‌ಟಿ 36,000 ರೂಪಾಯಿ, 400 ಸಿಸಿ ಆದರೆ 80,000. ವ್ಯತ್ಯಾಸ 44,000 ರೂಪಾಯಿ. ಸೂಪರ್ ಮೀಟಿಯೋರಿನ ಮೂಲ ಬೆಲೆಯೇ ಜಾಸ್ತಿ ಇರೋದ್ರಿಂದ ವ್ಯತ್ಯಾಸ ಇನ್ನೂ ದೊಡ್ಡದು. ಕರ್ನಾಟಕದಲ್ಲಿ ಆಜೀವ ತೆರಿಗೆಯೂ ಬೈಕಿನ ಬೆಲೆ ನೋಡಿ ಹಾಕೋದು, ಹಾಗಾಗಿ ಬೆಲೆ ಏರಿದಂತೆ ಅದೂ ಏರುತ್ತೆ. ಶೋರೂಂ ಬೆಲೆ ಕೇಳಬೇಡಿ, ಆನ್ ರೋಡ್ ಬೆಲೆಯ ಕೊಟೇಶನ್ ಬರೆಸಿಕೊಳ್ಳಿ.

ಇನ್ಶೂರೆನ್ಸ್‌ನಲ್ಲೂ ಇದೇ ಗೆರೆ ಇದೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರ ಜೂನ್ 1ರಂದು ಜಾರಿಗೆ ಬಂದ ದರದಲ್ಲಿ 150ರಿಂದ 350 ಸಿಸಿವರೆಗೆ ಐದು ವರ್ಷಕ್ಕೆ 7,365 ರೂಪಾಯಿ, 350 ಮೀರಿದರೆ 15,117 ರೂಪಾಯಿ, ಇದರ ಮೇಲೆ ತೆರಿಗೆ. ದುಪ್ಪಟ್ಟಿಗಿಂತ ಜಾಸ್ತಿ. ಗಮನಿಸಿ: 160, 220, 350 ಮೂರೂ ಒಂದೇ ಸಾಲಿನಲ್ಲಿ ಬರ್ತವೆ. ಅಂದ್ರೆ 160 ತಗೊಂಡ್ರೆ ಈ ವಿಮೆಯಲ್ಲಿ ಉಳಿತಾಯ ಇಲ್ಲ.

ಅಂಗಡಿ ಇರೋರಿಗೆ ಒಂದು ಮಾತು. "ಅಂಗಡಿ ಹೆಸರಲ್ಲಿ ಬಿಲ್ ಹಾಕಿಸಿ, ಜಿಎಸ್‌ಟಿ ವಾಪಸ್ ಬರುತ್ತೆ" ಅಂತ ಕೆಲವರು ಹೇಳ್ತಾರೆ. ಜನ ಓಡಾಡೋ ವಾಹನಗಳಿಗೆ ಇನ್‌ಪುಟ್ ಕ್ರೆಡಿಟ್ ಸಾಮಾನ್ಯವಾಗಿ ಸಿಗಲ್ಲ, ಜಿಎಸ್‌ಟಿ ಕಾಯ್ದೆಯ 17(5)ನೇ ಸೆಕ್ಷನ್ನೇ ತಡೆದಿದೆ. ಆ ಲೆಕ್ಕ ನಂಬಿ ದೊಡ್ಡ ಬೈಕಿಗೆ ಹೋಗಬೇಡಿ, ನಿಮ್ಮ ಆಡಿಟರ್ ಹತ್ತಿರ ಕೇಳಿ.

ಸಾಲದ ಲೆಕ್ಕವೂ ನೋಡಿ. 350ರ ಬದಲು 650ಕ್ಕೆ ಹೋಗಿ 2 ಲಕ್ಷ ಹೆಚ್ಚಿಗೆ ಸಾಲ ಮಾಡಿದಿರಿ ಅಂದ್ಕೊಳ್ಳಿ. ಶೇ.10 ಬಡ್ಡಿ, ಮೂರು ವರ್ಷದ ಅವಧಿ ಅಂದ್ರೆ ಅಷ್ಟಕ್ಕೇ ತಿಂಗಳಿಗೆ ಸುಮಾರು 6,450 ರೂಪಾಯಿ ಕಂತು. ಹಬ್ಬದ ಸೀಸನ್‌ಗೆ ಮಾಲು ತುಂಬಿಸೋ ಹೊತ್ತಲ್ಲಿ ಈ ದುಡ್ಡು ಕೈಯಲ್ಲಿ ಇದ್ದರೆ ಒಳ್ಳೇದಾ, ಬೈಕಿನ ಟ್ಯಾಂಕ್ ಮೇಲೆ ಇದ್ದರೆ ಒಳ್ಳೇದಾ ಅಂತ ನೀವೇ ತೀರ್ಮಾನ ಮಾಡಿ.

ಪೆಟ್ರೋಲ್ ಮತ್ತು ಸರ್ವಿಸ್

ಮೈಲೇಜ್ ಓಡಿಸೋರ ಕೈ ಮೇಲೆ ಇರುತ್ತೆ. ಲೆಕ್ಕಕ್ಕೋಸ್ಕರ 220 ಲೀಟರಿಗೆ 40, 350 ಲೀಟರಿಗೆ 33, 650 ಲೀಟರಿಗೆ 24 ಕಿಲೋಮೀಟರ್ ಕೊಡುತ್ತೆ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತ ಇಟ್ಕೊಳ್ಳೋಣ. ದಿನಕ್ಕೆ 30 ಕಿಲೋಮೀಟರ್‌ನಂತೆ ತಿಂಗಳಿಗೆ 900 ಕಿಲೋಮೀಟರ್ ಓಡಿಸಿದರೆ 220ಕ್ಕೆ 2,250, 350ಕ್ಕೆ ಸುಮಾರು 2,730, 650ಕ್ಕೆ 3,750 ರೂಪಾಯಿ. 220ಕ್ಕೂ 350ಕ್ಕೂ ವ್ಯತ್ಯಾಸ ತಿಂಗಳಿಗೆ 500 ರೂಪಾಯಿ ಒಳಗೆ. 650ಕ್ಕೆ ಹೋದರೆ ವರ್ಷಕ್ಕೆ 220ಕ್ಕಿಂತ 18,000 ರೂಪಾಯಿ ಜಾಸ್ತಿ. ನೀವು ನೋಡಿರೋ ಬೈಕ್ ಇಟ್ಟುಕೊಂಡಿರೋ ಇಬ್ಬರು ಮೂವರನ್ನ ಕೇಳಿ, ಅವರು ಹೇಳೋ ಮೈಲೇಜ್ ಹಾಕಿ ಇದೇ ಲೆಕ್ಕ ಮತ್ತೆ ಮಾಡಿ.

ಸರ್ವಿಸ್ ವಿಷಯದಲ್ಲಿ ಒಂದು ಸಿಲಿಂಡರಿನ 220, 350 ಬೈಕ್ ಕೈಯಾಡಿಸಿರೋ ಮೆಕ್ಯಾನಿಕ್‌ಗಳು ತಾಲ್ಲೂಕು ಕೇಂದ್ರಗಳಲ್ಲಿ ಸಿಗ್ತಾರೆ. ಎರಡು ಸಿಲಿಂಡರಿನ 650ಕ್ಕೆ ಕಂಪನಿ ಸರ್ವಿಸ್ ಸೆಂಟರಿಗೇ ಹೋಗಬೇಕಾಗಬಹುದು, ಟೈರು ಕೂಡ ದುಬಾರಿ. ಅಂಗಡಿ ಬಾಗಿಲು ಹಾಕಿ ಒಂದಿಡೀ ದಿನ ಹೋಗಬೇಕು ಅಂದ್ರೆ ಅದೂ ಖರ್ಚೇ.

ಯಾರಿಗೆ ಯಾವುದು?

* ಪೇಟೆ ಒಳಗೇ ಓಡಾಟ, ಒಬ್ಬರೇ ಜಾಸ್ತಿ, ಕೂರೋ ಭಂಗಿ ಆರಾಮ ಇದ್ದರೆ ಸಾಕು ಅನ್ನೋರಿಗೆ 160. ಘಾಟಿಯಲ್ಲಿ ಇಬ್ಬರು ಕೂತು ಹೋಗೋದು ಮಾಮೂಲು ಅಂದ್ರೆ ಇದು ಬೇಡ.
* ಬಜೆಟ್ ಬಿಗಿ, ಮೈ ತೂಕ ಕಡಿಮೆ, ಮಲೆನಾಡ ತಿರುವಿನ ದಾರಿ, ಆಗಾಗ ಡಬಲ್ಸ್ ಇರೋರಿಗೆ 220. ಗೇರ್ ಬದಲಾಯಿಸೋಕೆ ಬೇಸರ ಇರಬಾರದು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಆರ್‌ಸಿಯಲ್ಲಿ ಸಾಲದ ಎಂಟ್ರಿ ಉಳಿದಿದೆಯಾ ನೋಡಿ.
* ದಿನಾ ಊರಿಂದ ತಾಲ್ಲೂಕಿಗೆ ಓಡಾಟ, ತಿಂಗಳಿಗೊಮ್ಮೆ ಧರ್ಮಸ್ಥಳ, ಹಾಸನ, ಶಿವಮೊಗ್ಗ, ಹೆಚ್ಚಾಗಿ ಇಬ್ಬರು ಕೂತೇ ಪ್ರಯಾಣ ಇರೋರಿಗೆ 350. ನಮ್ಮ ಜಿಲ್ಲೆಯ ಹೆಚ್ಚಿನವರಿಗೆ ರಸ್ತೆ, ತೆರಿಗೆ, ಎಳೆತ ಮೂರೂ ಹೊಂದೋ ಅಳತೆ ಇದೇ.
* ಮನೇಲಿ ದಿನದ ಓಡಾಟಕ್ಕೆ ಬೇರೆ ಗಾಡಿ ಇದೆ, ವರ್ಷಕ್ಕೆ ಹಲವು ಸಲ ನೂರಾರು ಕಿಲೋಮೀಟರ್ ಹೆದ್ದಾರಿ ಪ್ರಯಾಣ ಇದೆ, ಭಾರದ ಬೈಕ್ ಓಡಿಸಿ ಅಭ್ಯಾಸ ಇದೆ ಅನ್ನೋರಿಗೆ 650. ನಮ್ಮ ದೇಶದಲ್ಲಿ ಗೇರ್ ಬೈಕ್ ಲೈಸೆನ್ಸ್ ಇದ್ದರೆ ಯಾವ ಸಿಸಿ ಬೇಕಾದರೂ ಓಡಿಸಬಹುದು, ದೊಡ್ಡ ಬೈಕಿಗೆ ಬೇರೆ ಪರೀಕ್ಷೆ ಇಲ್ಲ. ಹಾಗಾಗಿ ಪರೀಕ್ಷೆ ನಮಗೆ ನಾವೇ ಮಾಡಿಕೊಳ್ಳಬೇಕು. 18 ತುಂಬಿದ ಮಗನಿಗೆ ಮೊದಲ ಬೈಕಾಗಿ 650 ಕೊಡಿಸೋದು ಪ್ರೀತಿಯ ಕೆಲಸ ಅಲ್ಲ.

ದುಡ್ಡು ಕೊಡೋ ಮೊದಲು ನಾಲ್ಕು ಪರೀಕ್ಷೆ

1. ಎಂಜಿನ್ ಆಫ್ ಮಾಡಿ, ಬೈಕ್ ಮೇಲೆ ಕೂತು ಸ್ವಲ್ಪ ಏರು ಇರೋ ಕಡೆ ಹಿಂದಕ್ಕೆ ತಳ್ಳಿ. ನಿಮ್ಮ ಅಂಗಡಿ ಮುಂದಿನ ಚರಂಡಿ ಕಲ್ಲಿನಿಂದ ರಸ್ತೆಗೆ ದಿನಾ ಮಾಡೋ ಕೆಲಸ ಇದೇ. ಆಗದಿದ್ದರೆ ಆ ಸಿಸಿ ನಿಮ್ಮದಲ್ಲ.
2. ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತಾ ನೋಡಿ. ಸೀಟಿನ ಎತ್ತರ ಅವೆಂಜರ್‌ದು 737, ಸೂಪರ್ ಮೀಟಿಯೋರ್‌ದು 740, ಮೀಟಿಯೋರ್‌ದು 765 ಮಿಲಿಮೀಟರ್. ತಗ್ಗು ಸೀಟಿನ ಕಾರಣಕ್ಕೆ ಹೆಣ್ಣುಮಕ್ಕಳಿಗೂ, ಕುಳ್ಳಗಿರೋರಿಗೂ ಕ್ರೂಸರ್ ಅನುಕೂಲ, ಆದರೆ ತೂಕದ ಪರೀಕ್ಷೆ ಬಿಡಬೇಡಿ.
3. ಟೆಸ್ಟ್ ರೈಡ್‌ಗೆ ಒಬ್ಬರೇ ಹೋಗಬೇಡಿ. ಯಾವಾಗಲೂ ಹಿಂದೆ ಕೂರೋರನ್ನೇ ಕೂರಿಸಿಕೊಂಡು ಹೋಗಿ. ಸೀರೆ ಉಟ್ಟವರಿಗೆ ಕಾಲಿಡೋಕೆ ಜಾಗ, ಸೀರೆ ಗಾರ್ಡ್, ಹಿಂದೆ ಒರಗು ಇದೆಯಾ ಅವರೇ ಹೇಳಲಿ.
4. ಮೂರನೇ ಗೇರಲ್ಲಿ 30ರ ವೇಗಕ್ಕೆ ಬಂದು, ಗೇರ್ ಇಳಿಸದೇ ಒಂದು ಏರು ಹತ್ತಿಸಿ. ಎಂಜಿನ್ ಬಡಿದುಕೊಳ್ಳದೇ ಹತ್ತಿದರೆ ನಿಮ್ಮ ದಾರಿಗೆ ಅಷ್ಟು ಎಳೆತ ಸಾಕು, ಅದಕ್ಕಿಂತ ಜಾಸ್ತಿ ದುಡ್ಡು ಕೊಡೋ ಅಗತ್ಯ ಇಲ್ಲ.

ಕೊನೆಗೆ ಒಂದು ಚೀಟಿ ತಗೊಂಡು ಕಳೆದ ಆರು ತಿಂಗಳಲ್ಲಿ ಬೈಕಲ್ಲಿ ಎಲ್ಲೆಲ್ಲಿಗೆ ಹೋಗಿದ್ರಿ, ಎಷ್ಟು ಜನ ಕೂತಿದ್ರಿ ಅಂತ ಬರೀರಿ. ಮುಂದೆ ಲಡಾಖ್‌ಗೆ ಹೋಗ್ತೀನಿ ಅನ್ನೋದನ್ನ ಅದರಲ್ಲಿ ಸೇರಿಸಬೇಡಿ. ಆ ಚೀಟಿಯಲ್ಲಿ ಇರೋ ದಾರಿಗೆ ಯಾವ ಎಂಜಿನ್ ಸಾಕೋ ಅದೇ ನಿಮ್ಮ ಸಿಸಿ. ಲಡಾಖ್‌ಗೆ 350ರಲ್ಲೂ ಜನ ಹೋಗಿ ಬಂದಿದ್ದಾರೆ.